ಭಾನುವಾರದ ಹೆರಿಗೆ

ನನ್ನ ಅವ್ವ ನನ್ನ ಕಣ್ಣೆದುರಿಗೇ ಎಷ್ಟು ಸಲ ಹಡೆದಳೋ ನೆನಪಿಲ್ಲ. ಭಾನುವಾರ ಮಧ್ಯಾಹ್ನ ಊಟದ ತಾಟುಗಳನ್ನು ತೊಳೆದು ಬೋರಲು ಹಾಕಿದ ಮೇಲೆ, ಕೆನಡಾದ ಮಿಸಿಸಾಗದ ನಮ್ಮ ಬಾಡಿಗೆ ಬೇಸ್‌ಮೆಂಟಿನ ಕಂದು ಕಾರ್ಪೆಟ್ಟಿನ ಮೇಲೆ ಕೂತು, ಸೋಫಾಕ್ಕೆ ಬೆನ್ನು ಕೊಟ್ಟು, ನರಳಿ, ಬೆವರು ಒರೆಸಿಕೊಂಡು, ಕೊನೆಗೆ ಒಂದು ದಿಂಬನ್ನು ಹಡೆಯುತ್ತಿದ್ದಳು. ಎಸ್ತರ್ ಎಂಬ ಹೆಂಗಸು ಆ ದಿಂಬನ್ನು ಎರಡೂ ಅಂಗೈಯಲ್ಲಿ ಹಿಡಿದು, ಟವೆಲಿನಿಂದ ಒರೆಸಿ, ಅವ್ವನ ಎದೆಯ ಮೇಲೆ ಇಡುತ್ತಿದ್ದಳು. ಅವ್ವ ಅದನ್ನು ತಬ್ಬಿಕೊಳ್ಳುತ್ತಿದ್ದಳು. ಅದು ನಾನು ತಲೆಯಿಟ್ಟು ಮಲಗುವ ದಿಂಬು. ಹತ್ತು ವರ್ಷದ ನನ್ನನ್ನು ಆಕೆ ಹಾಗೆ ತಬ್ಬಿಕೊಂಡು ಎಷ್ಟೋ ದಿನಗಳಾಗಿದ್ದವು. ಅವ್ವ ತೀರಿಕೊಂಡು ಈಗ ನಾಲ್ಕು ತಿಂಗಳಾಯಿತು. ನಾನು ಹೆಚ್ಚು ಓದಿದವಳಲ್ಲ, ಬರೆದು ರೂಢಿಯೂ ಇಲ್ಲ. ಆದರೆ ಆಕೆಯನ್ನು ನೆನೆಸಿಕೊಂಡು ಕೂತಾಗಲೆಲ್ಲ ಮೊದಲು ಬರುವುದು ಆ ಕಾರ್ಪೆಟ್ಟು, ಆ ದಿಂಬು, ಅದರ ಜೊತೆಗೆ ಹೊಟ್ಟೆಯೊಳಗೆ ಅಂದಿನದೇ ಕಿಚ್ಚು. ಅಳು ಆಮೇಲೆ ಬರುತ್ತದೆ. ಹಾಗಾಗಿ ಬಂದ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮದು ಹುಬ್ಬಳ್ಳಿ ಕಡೆಯ ಮನೆತನ. ಅಪ್ಪ ವಾನ್ ಎಂಬ ಹತ್ತಿರದ ಊರಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ನಡೆಸುತ್ತಿದ್ದರು. ಅವ್ವ ಏರ್‌ಪೋರ್ಟಿನ ಹತ್ತಿರ ವಿಮಾನದ ಊಟ ತಯಾರಿಸುವ ಕಡೆ ಟ್ರೇ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಬೇಸ್‌ಮೆಂಟಿನಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಯ ಮೂಲೆ. ಕಿಟಕಿ ಹೊರಗಿನ ಹುಲ್ಲಿನ ಮಟ್ಟಕ್ಕಿದ್ದುದರಿಂದ ಬಂದವರ ಮುಖಕ್ಕಿಂತ ಮೊದಲು ಪಾದ ಕಾಣುತ್ತಿತ್ತು. ಭಾನುವಾರ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ಇಳಿದ ಮೊದಲ ರೊಟ್ಟಿ, ಉಬ್ಬಿದ್ದು, ಬೆಣ್ಣೆ ಸವರಿದ್ದು, ನನ್ನ ತಾಟಿಗೆ ಬೀಳಬೇಕು. ಇದು ಮನೆಯ ಕಾನೂನು. ಅಪ್ಪನಿಗೆ ಕೂಡ ಎರಡನೆಯದು. ಒಬ್ಬಳೇ ಮಗಳಾಗಿ ನಾನು ಆ ಮನೆಯಲ್ಲಿ ಅನುಭವಿಸಿದ ರಾಜ್ಯ ಅಷ್ಟೇ, ಒಂದು ರೊಟ್ಟಿಯಷ್ಟು ಅಗಲ. ಆ ವರ್ಷ ಅವ್ವ ಬಸುರಿಯಾದಳು. ಹೊಟ್ಟೆ ಏಪ್ರನ್ನಿನಿಂದ ಮುಂದೆ ಬರತೊಡಗಿದಾಗಲೇ ನನ್ನ ರಾಜ್ಯಕ್ಕೆ ಪಾಲುದಾರ ಬರುತ್ತಾನೆಂದು ಗೊತ್ತಾಗಿತ್ತು. ಆದರೆ ಅವನಿಗಿಂತ ಮೊದಲು ಬಂದವಳು ಎಸ್ತರ್.

ಆಕೆ ಘಾನಾ ದೇಶದವಳು. ಅಲ್ಲಿ ಹದಿನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಆಗಿ ಹೆರಿಗೆ ಮಾಡಿಸಿದವಳು. ಇಲ್ಲಿ ಮತ್ತೆ ಪರೀಕ್ಷೆ ಬರೆದು ಲೈಸೆನ್ಸು ಪಡೆಯುವವರೆಗೆ ಹೆರಿಗೆಗೆ ಕೈಹಚ್ಚುವಂತಿಲ್ಲ. ಅದಕ್ಕೇ ಆಕೆಯೂ ತಲೆಗೆ ಬಲೆ ಹಾಕಿಕೊಂಡು, ಅವ್ವನ ಎದುರಿಗೆ ನಿಂತು, ಟ್ರೇಗಳಿಗೆ ಚಮಚ ಹಾಕುತ್ತಿದ್ದಳು. ಒಂದು ದಿನ ಸೂಪರ್‌ವೈಸರನು ಬೇಗ ಬೇಗ ಎಂದು ಕೂಗುತ್ತಿರುವಾಗ ಅವ್ವನಿಗೆ ಕಣ್ಣು ಕತ್ತಲೆ ಬಂತಂತೆ. ಎಸ್ತರ್ ಬೆಲ್ಟು ನಿಲ್ಲಿಸಿ, ಕುರ್ಚಿ ಎಳೆದು ಕೂರಿಸಿ, ಸೂಪರ್‌ವೈಸರನಿಗೆ ಏನೋ ಹೇಳಿದಳು. ಏನು ಹೇಳಿದಳೋ ಅವ್ವನಿಗೆ ತಿಳಿಯಲಿಲ್ಲ. ಅವ್ವನಿಗೆ ಬರುತ್ತಿದ್ದ ಇಂಗ್ಲಿಷು ಯೆಸ್, ನೋ, ಸಾರಿ, ಫಿನಿಶ್. ಆದರೆ ಅವನು ಅಷ್ಟು ಬೆಳ್ಳಗಾದದ್ದನ್ನು ತಾನು ಎಂದೂ ನೋಡಿರಲಿಲ್ಲ ಎಂದು ಅವ್ವ ಮನೆಗೆ ಬಂದು ನಕ್ಕಳು. ಮುಂದಿನ ಭಾನುವಾರ ಕಿಟಕಿಯಲ್ಲಿ ಬಿಳಿಯ ಬೂಟುಗಳೆರಡು ಕಂಡವು.

ಎಸ್ತರ್ ಆಡುತ್ತಿದ್ದುದು ಇಂಗ್ಲಿಷು. ಇಲ್ಲಿ ಆಕೆಯ ಮಾತುಗಳನ್ನು ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತೇನೆ. ಆ ದಿನ ಆಕೆ ಕಾಲು ಮಡಚಿ ನೆಲಕ್ಕೆ ಕೂತಳು. ಅವ್ವ ಹಂಚಿನಿಂದ ಮೊದಲ ರೊಟ್ಟಿ ಎತ್ತಿ, ನಾನು ತಾಟು ಮುಂದೆ ಮಾಡುತ್ತಿದ್ದ ಹಾಗೆ, ನನ್ನ ಕೈ ದಾಟಿಸಿ ಆಕೆಯ ತಾಟಿಗೆ ಹಾಕಿದಳು. ಎಸ್ತರ್ ಬಲಗೈಯಲ್ಲೇ ರೊಟ್ಟಿ ಮುರಿದು, ಎಣಗಾಯಿಯ ಮಸಾಲೆಯನ್ನು ಬಾಚಿ, ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಶೇಂಗಾ ಚಟ್ನಿ ಮುಟ್ಟಿ ಮೂಸಿ, ತಮ್ಮ ಊರಲ್ಲಿ ಇದರದೇ ಸಾರು ಮಾಡುತ್ತೇವೆ ಎಂದಳು.

"ನೋಡ, ನೋಡ ಹೆಂಗ ಉಣ್ತಾಳ," ಅವ್ವ ನನಗೆ ಹೇಳಿದಳು. "ನೀ ಹುಬ್ಬಳ್ಳ್ಯಾಗ ಹುಟ್ಟಿ ಚಮಚಾ ಬೇಡ್ತಿ."

"ಅವ್ವಾ, ನನಗ?"

"ತಡಿ, ಬಡ್ಯಾಕತ್ತೇನಿ. ಎಲ್ಲಿ ಓಡಿ ಹೊಂಟೈತಿ ರೊಟ್ಟಿ?"

ನಾನು ಅವ್ವಾ ಎಂದು ಕರೆದದ್ದನ್ನು ಕೇಳಿ ಎಸ್ತರ್ ಅದೇ ಹೆಸರು ಇರಬೇಕೆಂದುಕೊಂಡಳು. ಊಟ ಮುಗಿಸಿ ಏಳುವಾಗ ಕೈಮುಗಿದು, "ಥ್ಯಾಂಕ್ಯೂ, ಅವ್ವ" ಎಂದಳು. ಅವ್ವ ತಿದ್ದಲಿಲ್ಲ. ಗಿರಿಜಾ ಎಂಬ ಚೆಂದದ ಹೆಸರಿದ್ದವಳು, ತನಗಿಂತ ಎಂಟು ವರ್ಷ ದೊಡ್ಡವಳ ಬಾಯಿಂದ ಅವ್ವ ಎನ್ನಿಸಿಕೊಂಡು ನಗುತ್ತ ನಿಂತಳು. ನಾನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪರೀಕ್ಷೆಯ ಸುದ್ದಿ ಬಂದದ್ದು ಆಮೇಲೆ. ಅದರಲ್ಲಿ ಬರೆಯುವ ಭಾಗದ ಜೊತೆಗೆ, ಸಾಲಾಗಿ ಕೋಣೆಗಳೂ ಇರುತ್ತಿದ್ದವಂತೆ. ಒಂದೊಂದು ಕೋಣೆಯಲ್ಲಿ ಒಬ್ಬಳು ನಟಿ ಬಸುರಿಯಂತೆ, ಬಾಣಂತಿಯಂತೆ ಕೂತಿರುತ್ತಾಳೆ. ಬಾಗಿಲು ಬಡಿದು ಒಳಗೆ ಹೋಗಬೇಕು, ಹೆಸರು ಹೇಳಬೇಕು, ಮುಟ್ಟುವ ಮೊದಲು ಅನುಮತಿ ಕೇಳಬೇಕು, ಗೋಡೆಯ ಬಳಿ ಕೂತವರು ಅಂಕ ಹಾಕುತ್ತಾರೆ. ಎಸ್ತರಳಿಗೆ ಹೆರಿಗೆಯ ಭಯವಿರಲಿಲ್ಲ, ಈ ನಾಟಕದ ಭಯವಿತ್ತು. ತನ್ನ ಜೊತೆ ಓದುವವರಲ್ಲಿ ಕಪ್ಪು ಹೆಂಗಸು ತಾನೊಬ್ಬಳೇ, ತಾನು ಜೋರಾಗಿ ಮಾತಾಡಿದರೆ ಒರಟು ಎನ್ನುತ್ತಾರೆ, ಮೆಲ್ಲಗೆ ಮಾತಾಡಿದರೆ ತಿಳಿಯದು ಎನ್ನುತ್ತಾರೆ ಎಂದು ಆಕೆ ಹೇಳಿದ್ದನ್ನು ನಾನೇ ಅವ್ವನಿಗೆ ತಿಳಿಸಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಕಾರ್ಪೆಟ್ಟಿನ ಮೇಲೆ ಕೂತಳು.

"ಹೇಳ ಆಕೀಗೆ, ನಾನ ಬಸರಿ ಇದ್ದೇನಿ. ನಾಟಕಾ ಯಾಕ ಬೇಕು? ನನ್ನ ಮ್ಯಾಲೇ ಕಲೀಲಿ."

ಹೀಗೆ ಶುರುವಾಯಿತು. ಎಸ್ತರ್ ಮೆಟ್ಟಿಲ ಬಳಿ ಹೋಗಿ ನಿಂತು, ಬಾಗಿಲಿಲ್ಲದ ಕಡೆ ಗೋಡೆ ಬಡಿಯುವಳು. ನಾನು ನಡುವೆ ಕೂತು ಆಕೆಯದನ್ನು ಕನ್ನಡಕ್ಕೂ ಅವ್ವನದನ್ನು ಇಂಗ್ಲಿಷಿಗೂ ಮಾಡುವವಳು.

"ಮುಟ್ಟಲೇನು ಅಂತ ಕೇಳಾಕತ್ತಾಳ."

"ಮುಟ್ಟಲಾರದ ಹೆಂಗ ಹಡಸ್ತಾಳಂತ?"

"ಅವ್ವಾ, ಹೌದು ಅನಬೇಕು ನೀ. ಅಂಕಾ ಇರ್ತಾವು."

"ಹೌದವಾ, ಮುಟ್ಟು. ನಮ್ಮ ಅತ್ತಿ ಒಂದ ದಿನಾ ಹಿಂಗ ಕೇಳಿ ಮುಟ್ಟಿದ್ರ ನಾ ಏನೇನೋ ಆಗ್ತಿದ್ನಿ."

ಅಪ್ಪ ಇನ್ನೊಂದು ಮೂಲೆಯಲ್ಲಿ ಟಿವಿಯ ಕ್ರಿಕೆಟ್ಟಿಗೆ ಮುಖ ಮಾಡಿ ಕೂತಿರುತ್ತಿದ್ದರು. ಓವರು ಮುಗಿದಾಗೊಮ್ಮೆ ತಿರುಗದೆ ಕೇಳುವರು.

"ಹಡದ್ಲೇನು? ಚಾ ಸಿಗತೈತೋ ಇಲ್ಲೋ?"

"ಇನ್ನ ತಲಿ ಹೊರಗ ಬಂದಿಲ್ಲ. ನೀವ ಮಾಡ್ಕೋರಿ," ಎಂದು ಅವ್ವ ನರಳಾಟದ ನಡುವೆಯೇ ಉತ್ತರಿಸುವಳು.

ಎಸ್ತರ್ ಹೋದ ಮೇಲೆ ಜಗಳ. ಅದೂ ಪ್ರತಿ ಭಾನುವಾರದ ಕ್ರಮವೇ ಆಯಿತು.

"ವಾರಾ ವಾರಾ ಬರಾಕ ಏನೈತಿ ಆಕೀಗೆ? ಮ್ಯಾಲಿನ ಮನಿಯವರು ನೋಡ್ತಾರ. ನಮ್ಮ ಮಂದಿ ಏನಂತಾರ?"

"ನಿಮ್ಮ ಮಂದಿ ಬಂದು ನನ್ನ ಹಡಸ್ತಾರೇನು?"

"ಹಂಗಲ್ಲ. ಆ ಬಣ್ಣಾ, ಆ ಕೂದ್ಲಾ..."

"ನೀವೇನ್ ಬೆಣ್ಣ್ಯಾಗ ಅದ್ದಿ ತಗದಂಗ ಅದೀರಿ? ಕನ್ನಡಿ ಅಲ್ಲೈತಿ, ಹೋಗಿ ನೋಡ್ಕೋರಿ."

ಅಪ್ಪ ಮತ್ತೆ ಟಿವಿಯ ಕಡೆ ತಿರುಗುತ್ತಿದ್ದರು. ನಾನು ಮಾತ್ರ ಒಳಗೊಳಗೆ ಅಪ್ಪನ ಪಕ್ಷ ವಹಿಸುತ್ತಿದ್ದೆ. ಅಪ್ಪ ಆಡಿದ್ದು ಕೆಟ್ಟ ಮಾತೆಂದು ಗೊತ್ತಿತ್ತು. ಶಾಲೆಯಲ್ಲಿ ನನಗೂ ಬಣ್ಣದ ಹೆಸರು ಹಿಡಿದು ಒಬ್ಬ ಹುಡುಗ ಏನೋ ಅಂದಿದ್ದ, ಅದರ ಉರಿ ಗೊತ್ತಿತ್ತು. ಆದರೂ ಆ ಮಾತಿನಿಂದ ಎಸ್ತರ್ ಬರುವುದು ನಿಲ್ಲುವುದಾದರೆ ನಿಲ್ಲಲಿ ಎಂದುಕೊಂಡೆ. ನನ್ನ ಬಗ್ಗೆ ಇದನ್ನು ಬರೆಯುವುದು ಸುಲಭವಲ್ಲ.

ಅವ್ವನಿಗೆ ಎಂಟು ತಿಂಗಳಾಗಿತ್ತು. ಆ ಭಾನುವಾರದ ಪಾಠ, ಮೊದಲ ಭೇಟಿಯಲ್ಲಿ ಬಸುರಿಯ ಹಿಂದಿನ ಕಥೆ ಕೇಳುವುದು. ಎಸ್ತರ್ ತೊಡೆಯ ಮೇಲೆ ಕಾಗದವಿಟ್ಟುಕೊಂಡು ಓದಿದಂತೆ ಒಂದೊಂದಾಗಿ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ? ಅಪ್ಪ ಟಿವಿಯ ದನಿ ಹೆಚ್ಚಿಸಿದರು. ಅವ್ವ ನಗುತ್ತ ಉತ್ತರಿಸುತ್ತಿದ್ದಳು. ಆಮೇಲೆ ಎಸ್ತರ್ ಇದಕ್ಕೆ ಮೊದಲು ಎಷ್ಟು ಸಲ ಬಸುರಿಯಾಗಿದ್ದೀರಿ ಎಂದು ಕೇಳಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವನ ನಗು ನಿಂತಿತು. ಆಕೆ ಟಿವಿಯ ಕಡೆ ನೋಡಿ, ದನಿ ತಗ್ಗಿಸಿದಳು.

"ಮೊದಲನೇದ ಗಂಡು. ಈಕಿಗಿಂತ ಎರಡ ವರ್ಷ ಮೊದಲ. ಎರಡ ದಿನಾ ಇದ್ದ. ಮುಂಜಾನೆ ಹಾಲ ಕುಡ್ಯಾಕ ಬಾಯಿ ತಗದ, ಸಂಜೀಕ ಇದ್ದಿಲ್ಲ. ನನಗ ರಕ್ತಾ ನಿಂದರಲಿಲ್ಲ. ಹಾಸಗಿ ಎಲ್ಲಾ ತೊಯ್ದು ಹ್ವಾತು. ನಾನೂ ಹೊಂಟ್ನಿ ಅಂತ ತಿಳದಿದ್ರು." ಸ್ವಲ್ಪ ತಡೆದು, ನನ್ನ ಮೊಣಕಾಲು ಮುಟ್ಟಿ ಹೇಳಿದಳು: "ಹೇಳವಾ ಆಕೀಗೆ."

ನಮ್ಮ ಮನೆಯಲ್ಲಿ ಯಾರೂ ಇದನ್ನು ಎಂದೂ ಆಡಿರಲಿಲ್ಲ. ಫೋಟೋ ಇರಲಿಲ್ಲ, ಹಬ್ಬದ ದಿನ ಎಡೆಯಿಡುವಾಗಲೂ ಆ ಕೂಸಿನ ಸುಳಿವಿರಲಿಲ್ಲ. ಹತ್ತು ವರ್ಷ ಮೊದಲ ರೊಟ್ಟಿ ತಿಂದವಳಿಗೆ ತಾನು ಮೊದಲನೆಯವಳಲ್ಲವೆಂದು ಆ ಕ್ಷಣ ತಿಳಿಯಿತು. ಅದೂ ನನಗೆಂದು ಹೇಳಿದ್ದಲ್ಲ. ನನ್ನ ಮೂಲಕ ಎಸ್ತರಳಿಗೆ ಹೇಳಿದ್ದು. ಎಸ್ತರ್ ಅವ್ವನ ಮುಖವನ್ನೇ ನೋಡುತ್ತಿದ್ದಳು, ಆಮೇಲೆ ನನ್ನ ಕಡೆ ತಿರುಗಿ ಏನೆಂದಳು ಎಂದು ಕೇಳಿದಳು. ನನಗೆ ಎರಡು ಮಾತು ಸಾಕಾದವು.

"ಓನ್ಲಿ ಮಿ."

"ಅಷ್ಟೇನಾ? ತುಂಬ ಹೊತ್ತು ಮಾತಾಡಿದಳಲ್ಲ?"

"ನಾನು ಹುಟ್ಟಿದಾಗ ಬಹಳ ಸೆಕೆ ಇತ್ತಂತೆ. ಅದನ್ನೇ ಹೇಳಿದಳು."

ಎಸ್ತರ್ ಕಾಗದದಲ್ಲಿ ಒಂದು ಎಂದು ಬರೆದಳು. ಅವ್ವ ಸಮಾಧಾನದಿಂದ ಸೋಫಾಕ್ಕೆ ತಲೆಯಾನಿಸಿದಳು. ಆಕೆಯ ಪಾಲಿಗೆ ಹೇಳುವವರಿಗೆ ಹೇಳಿಯಾಗಿತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರ ಮುಂದೆ ಯಾವಾಗಲೂ ಅಪ್ಪನೇ ಮಾತಾಡುತ್ತಿದ್ದುದರಿಂದ ಅಲ್ಲಿನ ಫೈಲಿನಲ್ಲೂ ಒಂದೇ ಎಂದು ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹೋದ ಕೂಸನ್ನು ಲೆಕ್ಕಕ್ಕೆ ಹಿಡಿಯಬಾರದು, ಹೊಸದಕ್ಕೆ ಒಳ್ಳೆಯದಲ್ಲ ಎಂದು ಅಪ್ಪ ನಂಬಿದ್ದರು. ಹೀಗೆ ಒಂದೇ ಮನೆಯ ಇಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ, ಅವನನ್ನು ಎರಡು ಕಡೆ ಅಳಿಸಿದ್ದೆವು.

ಹೆರಿಗೆ ಒಂದು ಶುಕ್ರವಾರ ಮಧ್ಯಾಹ್ನ. ಅಪ್ಪ ಶಿಫ್ಟಿನಲ್ಲಿದ್ದರು, ಫೋನು ತೆಗೆಯಲಿಲ್ಲ. ಎಸ್ತರ್ ತನ್ನ ಹಳೆಯ ಕಾರಿನಲ್ಲಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಆಕೆಗೆ ಯಾವ ಅಧಿಕಾರವೂ ಇರಲಿಲ್ಲ. ಡೂಲಾ ಎಂದು ಹೇಳಿಕೊಂಡಳು. ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿದ್ದು ಬೆನ್ನು ತಿಕ್ಕಿ ಧೈರ್ಯ ಹೇಳುವವಳು ಎಂದು ಅರ್ಥ. ಎದೆಯ ಮೇಲೆ ವಿಸಿಟರ್ ಎಂಬ ಚೀಟಿ ಅಂಟಿಸಿದರು. ದುಭಾಷಿ ಸಿಗುವತನಕ ಮಗಳು ಇರಲಿ ಎಂದು ನನ್ನನ್ನೂ ಉಳಿಸಿಕೊಂಡರು. ನಾನು ಪರದೆಯ ಈಚೆ ಕೂತಿದ್ದೆ. ನನ್ನ ತಮ್ಮ ವಿನಯ್ ಹುಟ್ಟಿ ಅತ್ತದ್ದು ಅಲ್ಲಿಂದಲೇ ಕೇಳಿಸಿತು. ಅವ್ವ ಕಾರ್ಪೆಟ್ಟಿನ ಮೇಲೆ ಮಾಡುತ್ತಿದ್ದಷ್ಟು ಗದ್ದಲವನ್ನು ನಿಜದಲ್ಲಿ ಮಾಡಲೇ ಇಲ್ಲ.

ಎಲ್ಲ ಮುಗಿಯಿತೆಂದು ಡಾಕ್ಟರು ಹೊರಗೆ ಹೋದರು. ನನ್ನನ್ನು ಒಳಗೆ ಬಿಟ್ಟರು. ಅವ್ವನ ತುಟಿ ಒಣಗಿತ್ತು. ಆಕೆ ನನ್ನ ಕೈ ಹಿಡಿದಳು.

"ಸುಮಿ, ಕಾಲಾಗ ಬಿಸಿ ಹರ್ಯಾಕತ್ತೈತಿ. ಮತ್ತ ಹಂಗ ಆಗಾಕತ್ತೈತಿ. ಆವಾಗಿನ ಗತೆ. ಹೇಳ ಅವ್ರಿಗೆ."

ನರ್ಸು ಅವ್ವ ಹೇಳಿದ್ದೇನೆಂದು ಕೇಳಿದಳು. ನಾನು ಬಿಸಿ ಎನ್ನುತ್ತಿದ್ದಾಳೆ ಎಂದೆ. ನರ್ಸು ನಕ್ಕು, ಹೆರಿಗೆಯಾದ ಮೇಲೆ ಹಾಗೆ ಅನ್ನಿಸುತ್ತದೆ, ಸ್ವಲ್ಪ ರಕ್ತ ಹೋಗುವುದು ಸಹಜ ಎಂದು ಹೊದಿಕೆ ಸರಿಮಾಡಿದಳು. ಎಸ್ತರ್ ಮಂಚದ ಬುಡದಲ್ಲಿ ನಿಂತಿದ್ದಳು. ಇದು ಸಹಜವಲ್ಲ, ಡಾಕ್ಟರನ್ನು ಕರೆಯಿರಿ ಎಂದಳು. ದಯವಿಟ್ಟು ಹಿಂದೆ ಸರಿಯಿರಿ ಮೇಡಂ ಎಂದರು. ಮತ್ತೆ ಹೇಳಿದಳು. ಶಾಂತವಾಗಿರದಿದ್ದರೆ ಹೊರಗೆ ಕಳಿಸಬೇಕಾಗುತ್ತದೆ ಎಂದರು. ಆಕೆ ದನಿ ಏರಿಸಿರಲಿಲ್ಲ. ನಾನು ಅಲ್ಲೇ ಇದ್ದೆ, ನೋಡಿದ್ದೇನೆ. ತನ್ನ ಊರಿನಲ್ಲಿ ಇಂಥ ಎಷ್ಟು ರಕ್ತವನ್ನು ತಡೆದಿದ್ದವೋ ಆ ಎರಡು ಕೈಗಳನ್ನು, ಆಕೆ ಸ್ವೆಟರಿನ ಜೇಬಿನಲ್ಲಿ ತುರುಕಿಕೊಂಡಿದ್ದಳು. ಮುಟ್ಟಿದರೆ ಲೈಸೆನ್ಸು ಎಂದಿಗೂ ಸಿಗುವುದಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಮಂಡಿಯೂರಿದಳು.

"ಸೂಮಿ. ಅವಳು ಹೇಳಿದ್ದು ಅಷ್ಟೇ ಅಲ್ಲ. ಪೂರ್ತಿ ಹೇಳು."

ಆವಾಗಿನ ಗತೆ ಎಂಬ ಮಾತನ್ನು ಹೇಳಬೇಕಾದರೆ ಆವಾಗ ಎಂದರೆ ಯಾವಾಗ ಎಂದು ಹೇಳಬೇಕು. ಅವನನ್ನು ಹೇಳಬೇಕು. ಅವ್ವನ ಬೆರಳುಗಳು ನನ್ನ ಕೈಯಲ್ಲಿ ಸಡಿಲವಾದವು. ಆ ಸಡಿಲಕ್ಕೆ ಹೆದರಿ ಬಾಯಿಬಿಟ್ಟೆ. ನನಗಿಂತ ಮೊದಲು ಒಬ್ಬ ಅಣ್ಣ ಇದ್ದ, ಆಗ ಇವಳಿಗೆ ರಕ್ತ ನಿಲ್ಲಲಿಲ್ಲ, ಸಾಯುತ್ತಾಳೆಂದಿದ್ದರು, ಈಗಲೂ ಹಾಗೇ ಆಗುತ್ತಿದೆ ಎನ್ನುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನರ್ಸು ಹೊದಿಕೆ ಎತ್ತಿ ನೋಡಿ ಗೋಡೆಯ ಗುಂಡಿ ಒತ್ತಿದಳು. ಐದಾರು ಜನ ಓಡಿ ಬಂದರು. ನನ್ನನ್ನೂ ಎಸ್ತರಳನ್ನೂ ಹೊರಗೆ ದೂಡಿದರು.

ಕಾರಿಡಾರಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅವ್ವ ಉಳಿದಳೆಂದು ಒಬ್ಬರು ಬಂದು ಹೇಳುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಆಮೇಲೆ ಎಸ್ತರ್ ನನ್ನ ಕಡೆ ನೋಡದೆ ಕೇಳಿದಳು.

"ಆ ಭಾನುವಾರ ಅವಳು ಹೇಳಿದ್ದು ಇದನ್ನೇ, ಅಲ್ಲವೇ?"

"ಹೌದು."

"ಅವಳಿಗೆ ನಾನು ಇದನ್ನು ಹೇಳುವುದಿಲ್ಲ. ನಿನ್ನ ತಪ್ಪಿಲ್ಲ ಎಂದೂ ಹೇಳುವುದಿಲ್ಲ. ನಿನ್ನದಿದೆ. ನನ್ನದು ನಿನ್ನದಕ್ಕಿಂತ ದೊಡ್ಡದು. ತಾಯಿಯ ಮಾತನ್ನು ನಾನು ಮಗುವಿನ ಬಾಯಿಂದ ಕೇಳಿ ಬರೆದುಕೊಂಡೆ."

ಹೇಳಿ, ಅಷ್ಟು ಹೊತ್ತು ಜೇಬಿನಲ್ಲಿದ್ದ ಕೈಗಳನ್ನು ಹೊರಗೆ ತೆಗೆದು ಮುಖ ಮುಚ್ಚಿಕೊಂಡು ಅತ್ತಳು. ನಾನು ಆಕೆಯನ್ನು ಮುಟ್ಟಲಿಲ್ಲ. ಆ ಹೊತ್ತಿನಲ್ಲೂ ನನಗೆ ಅನ್ನಿಸಿದ್ದು, ಇವಳು ಯಾಕೆ ಅಳಬೇಕು, ಅವ್ವ ನನ್ನವಳು.

ಊರಿನಿಂದ ಬರುವವರು ಯಾರೂ ಇರಲಿಲ್ಲವಾದ್ದರಿಂದ ಬಾಣಂತನವನ್ನು ಎಸ್ತರಳೇ ಮಾಡಿದಳು. ಎಣ್ಣೆ ತಿಕ್ಕಿ ಬಿಸಿನೀರು ಹುಯ್ದಳು. ಹೊಟ್ಟೆಗೆ ಹಳೆಯ ಸೀರೆ ಬಿಗಿಯಾಗಿ ಸುತ್ತುವುದನ್ನು ಅವ್ವ ಹೇಳಿಕೊಡಲು ಹೋದರೆ, ಆಕೆಗೆ ಅದು ಮೊದಲೇ ಗೊತ್ತಿತ್ತು, ಅವರಲ್ಲೂ ಹಾಗೇ ಸುತ್ತುತ್ತಾರಂತೆ. ಅಪ್ಪ ಒಣಕೊಬ್ಬರಿ ತುರಿದುಕೊಟ್ಟರು, ಅವ್ವ ಕೂತಲ್ಲಿಂದಲೇ ಹೇಳಿ ಅಂಟಿನ ಉಂಡಿ ಕಟ್ಟಿಸಿದಳು. ಅದರಲ್ಲಿ ಅರ್ಧ ಡಬ್ಬಿ ಎಸ್ತರಳ ಚೀಲಕ್ಕೆ ಹೋಯಿತು. ಅಪ್ಪ ಮೆಟ್ಟಿಲ ತನಕ ಹೋಗಿ ಆಕೆಗೆ ದೀಪ ಹಾಕಿಕೊಟ್ಟು ಬರತೊಡಗಿದರು. ಭಾನುವಾರದ ಜಗಳ ನಿಂತಿತು. ಪರೀಕ್ಷೆಯಲ್ಲಿ ಎಸ್ತರ್ ಮೊದಲ ಸಲ ಪಾಸಾಗಲಿಲ್ಲ, ಮರುವರ್ಷ ಆದಳು. ಆಮೇಲೆ ತನ್ನಂಥವರೇ ಇನ್ನು ಕೆಲವರನ್ನು ಸೇರಿಸಿ ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಗುಂಪು ಕಟ್ಟಿದಳು. ಕಪ್ಪು ಮಿಡ್‌ವೈಫರು, ಡೂಲಾಗಳು, ಅದನ್ನು ಓದುವ ಹುಡುಗಿಯರು. ತರಗತಿಯಲ್ಲಿ ಒಂಟಿಯಾದವರು ಅಲ್ಲಿ ಬಂದು ಕಲಿಯುತ್ತಿದ್ದರು, ಮಾತು ಕೇಳುವವರಿಲ್ಲದ ಬಸುರಿಯರು ಅಲ್ಲಿ ಬಂದು ಕೂರುತ್ತಿದ್ದರು. ಅಲ್ಲಿಯ ಮೊದಲ ನಿಯಮ, ಹೆಂಗಸಿನ ಕಥೆಯನ್ನು ಆಕೆಯ ಮಕ್ಕಳ ಬಾಯಿಂದ ಕೇಳಕೂಡದು. ಆ ನಿಯಮ ಎಲ್ಲಿಂದ ಬಂತೆಂದು ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅವ್ವ ಪ್ರತಿ ಭಾನುವಾರ ಅಲ್ಲಿಗೆ ಹೋದಳು. ವರ್ಷಗಟ್ಟಲೆ. ವಿನಯ್ ಶಾಲೆಗೆ ಹೋಗತೊಡಗಿದ, ನಾವು ವಾನ್‌ನಲ್ಲಿ ಸ್ವಂತ ಮನೆ ಮಾಡಿದೆವು, ನನಗೆ ಮದುವೆಯಾಯಿತು, ಅವ್ವನ ಕೂದಲು ಬೆಳ್ಳಗಾಯಿತು. ಆಕೆ ಮಾತ್ರ ಆ ಹುಡುಗಿಯರಿಗಾಗಿ ನೆಲದ ಮೇಲೆ ಕೂತು ಕನ್ನಡದಲ್ಲಿ ನರಳುತ್ತಿದ್ದಳು. ಭಾಷೆ ತಿಳಿಯದ ಹೆಂಗಸನ್ನು ಹೇಗೆ ನೋಡಿಕೊಳ್ಳಬೇಕೆಂದು ಕಲಿಯಲು ಆಕೆಗಿಂತ ಒಳ್ಳೆಯ ರೋಗಿ ಸಿಗುವುದಿಲ್ಲ ಎಂದು ಎಸ್ತರ್ ಹೇಳುವಳು. ಫೋನಿನ ಮೇಲೆ ದುಭಾಷಿಯನ್ನು ಕರೆಯುತ್ತಿದ್ದರು. ಒಮ್ಮೆ ಗುಂಪಿನ ಪರವಾಗಿ ನ್ಯೂಮಾರ್ಕೆಟ್ ಎಂಬ ಊರಿನ ಸರ್ಕಾರಿ ಕಚೇರಿಯಲ್ಲಿ ಮಾತಾಡಲು ಅವ್ವನನ್ನು ಕರೆದೊಯ್ದರು. ಅಲ್ಲೂ ಬೇರೆ ಯಾರೋ ಅನುವಾದಿಸಿದರು. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬಾರದ ಕಾರಣ ನನಗೇ ಗೊತ್ತಿತ್ತು, ಆದರೂ ಒಂದು ವಾರ ಅವ್ವನ ಫೋನು ಎತ್ತಲಿಲ್ಲ. ನಾನು ಬಸುರಿಯಾದಾಗ ಎಸ್ತರಳನ್ನು ಕರೆಯೋಣ ಎಂದಳು. ಬೇಡ ಎಂದೆ. ಅವ್ವ ಮತ್ತೆ ಒತ್ತಾಯಿಸಲಿಲ್ಲ. ಮನೆಯಲ್ಲಿ ಆಕೆ ಆ ಮೊದಲ ಕೂಸಿನ ಮಾತನ್ನು ನನ್ನೆದುರು ಮತ್ತೆ ಎತ್ತಲೇ ಇಲ್ಲ. ಅಲ್ಲಿ ಆ ನೆಲದ ಮೇಲೆ ಮಾತ್ರ, ಯಾರದೋ ಮಗಳ ಮುಂದೆ, ವಾರ ವಾರವೂ ಹೇಳುತ್ತಿದ್ದಳೆಂದು ನನಗೆ ಅನುಮಾನವಿತ್ತು.

ಅವ್ವ ತೀರಿಕೊಂಡ ಹನ್ನೊಂದನೆಯ ದಿನದ ಊಟಕ್ಕೆ ಆ ಗುಂಪಿನವರೆಲ್ಲ ಬಂದರು. ಎಸ್ತರಳಿಗೆ ಈಗ ಕೋಲು ಬೇಕು. ಆಕೆ ಅವ್ವನ ಫೋಟೋದ ಮುಂದೆ ನಿಂತು ತನ್ನ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ನಮ್ಮ ಮಂದಿ ದಾರಿ ಬಿಟ್ಟು ನಿಂತರು. ಆಕೆಯ ಜೊತೆ ನವೋಮಿ ಎಂಬ ವಿದ್ಯಾರ್ಥಿನಿ ಬಂದಿದ್ದಳು. ಊಟವಾದ ಮೇಲೆ ನಾನು ಉಳಿದ ಹೋಳಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಅಡುಗೆಮನೆಗೆ ಬಂದು ನಿಂತಳು.

"ನಾನು ಮೊಟ್ಟಮೊದಲು ಹೆರಿಗೆ ಮಾಡಿಸಿದ್ದು ನಿಮ್ಮ ಅಮ್ಮನಿಗೇ," ಎಂದಳು. "ಫಾರಂನಲ್ಲಿ ಹಿಂದಿನ ಮಕ್ಕಳ ಹೆಸರಿಗೆ ಜಾಗ ಇತ್ತು. ದೊಡ್ಡ ಮಗನ ಹೆಸರೇನು ಎಂದು ಕೇಳಿದೆ. ದುಭಾಷಿ ಎರಡು ಸಲ ಕೇಳಬೇಕಾಯಿತು. ತುಂಬ ಹೊತ್ತು ಯೋಚಿಸಿ ಹೇಳಿದರು. ನಾನು ಬರೆದದ್ದನ್ನು ತೋರಿಸು ಎಂದರು. ಆ ಹಾಳೆಯನ್ನು ನಾನು ಇಟ್ಟುಕೊಂಡಿದ್ದೇನೆ."

ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಹೆಸರಿಡುವುದು ತೊಟ್ಟಿಲಿಗೆ ಹಾಕುವ ದಿನ. ಎರಡು ದಿನದ ಕೂಸಿಗೆ ಹೆಸರಿರುವುದಿಲ್ಲ. ಅವನಿಗೆ ಹೆಸರಿರಲಿಲ್ಲ. ಆ ಹುಡುಗಿ ಕೇಳಿದ್ದರಿಂದ ಅವ್ವ ಅಲ್ಲಿ, ಚರ್ಚಿನ ನೆಲದ ಮೇಲೆ, ಅವನಿಗೆ ಹೆಸರಿಟ್ಟಿದ್ದಳು. ಏನೆಂದು ಕೇಳಿದೆ. ನವೋಮಿ ಹೇಳಿದಳು. ಅಕ್ಷರಗಳ ಮೇಲೆ ಭಾರ ಬೀಳಬಾರದ ಕಡೆ ಬಿದ್ದರೂ ಹೆಸರು ಸ್ಪಷ್ಟವಾಗಿತ್ತು. ಆಕೆ ನನ್ನ ತೋಳು ಮುಟ್ಟಿ, ಹೊರಡುತ್ತೇವೆ, ಎಸ್ತರ್ ಕಾರಿನಲ್ಲಿ ಕಾಯುತ್ತಿದ್ದಾರೆ ಎಂದು ಹೋದಳು. ನನಗೆ ಆಕೆಯ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಆ ದಿಂಬಿನ ಮೇಲೂ ಬಂದಿರಲಿಲ್ಲ. ಅವಳು ಮಾಡಿದ್ದು ಇಷ್ಟೇ, ಕೇಳಿದ್ದಳು. ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿದ 'ಓನ್ಲಿ ಮಿ' ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಒಳಗಿನ ಕೋಣೆಯಲ್ಲಿ ಅವ್ವನ ಶಾಲು ಹೊದ್ದು ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತು ಆ ಹೆಸರು ಹೇಳಿದೆ. ಯಾರದೆಂದು ವಿವರಿಸಬೇಕಾಗಲಿಲ್ಲ. ಅವರು ಶಾಲನ್ನು ಎದೆಗೆ ಎಳೆದುಕೊಂಡರು.

"ಯಾರ ಹೇಳಿದ್ರು?"

"ಆ ಹುಡಿಗಿ. ಎಸ್ತರ್ ಜೋಡಿ ಬಂದಾಕಿ. ಅವ್ವ ಹೇಳಿದ್ಲಂತ."

"ಆ ಹುಡಿಗೀಗೆ ಹೇಳಿದ್ಲು," ಅಪ್ಪ ನಿಧಾನವಾಗಿ ಅಂದರು. "ನನಗ ಹೇಳಲಿಲ್ಲ."

"ನನಗೂ ಹೇಳಲಿಲ್ಲಪ್ಪ."

"ಹೋದ್ಲೇನು ಆಕಿ? ನಿಂದರಸು. ಒಳಗ ಬಾ ಅನ್ನು. ನಿಮ್ಮವ್ವ ಹೆಂಗ ಅಂದಿದ್ಲು, ಹಂಗ ಇನ್ನೊಮ್ಮೆ ಹೇಳಂತ ಹೇಳು."

ನಾನು ಹೇಳಿದ್ದು ಸಾಲದೇನೋ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಚಪ್ಪಲಿ ಹುಡುಕದೆ ಹೊರಗೆ ಓಡಿದೆ. ಡ್ರೈವ್‌ವೇಯಲ್ಲಿ ಕಾರು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಗಾಜು ಬಡಿದೆ. ನವೋಮಿ ಗಾಬರಿಯಿಂದ ಇಳಿಸಿದಳು, ಪಕ್ಕದಿಂದ ಎಸ್ತರ್ ಬಾಗಿ ನೋಡಿದಳು. ಅಪ್ಪ ಕರೆಯುತ್ತಿದ್ದಾರೆ, ಆ ಹೆಸರನ್ನು ನಿನ್ನ ಬಾಯಿಂದ ಕೇಳಬೇಕಂತೆ ಎಂದೆ. ನವೋಮಿ ಕಾರು ನಿಲ್ಲಿಸಿ ಇಳಿಯುತ್ತಿದ್ದಂತೆ ನಾನು ಬಾಗಿಲಿಗೆ ಅಡ್ಡ ನಿಂತೆ.

"ಅವರಿಗಿಂತ ಮೊದಲು ನನಗೆ ಹೇಳು," ಎಂದೆ. "ಇಲ್ಲೇ. ಇನ್ನೊಂದು ಸಲ."